ಒಣ ಮೀನಿನ ಹುಳವೂ ಚುಕ್ಕಿ ಹೇಂಟೆಯ ಎಲುಬೂ

ಮೊದ್ಲೇ ಹೇಳಿ ಬಿಡ್ತೆ ಕಾಣಿ. ಉಂಬುಕೆ ಕೂತವ್ರು ಇದನ್ನ ಈಗ ಓದ್ಬೇಡಿ. ಉಂಡು, ಕೈ ತೊಳ್ಕಂಡು, ಜಗ್ಲಿಯಲ್ಲಿ ಕೂತು ಓದಿ. ಇದು ಸತ್ತ ಕೋಳಿಯ ಎಲುಬು ತೊಳ್ದು ಇಟ್ಟ ಕಥೆ. ಹಾಂಗೆ ಮಾಡಿದ್ದು ನಾವೇ ಮೊದ್ಲಲ್ಲ. ದೊಡ್ಡ ದೊಡ್ಡವ್ರು ಮಾಡಿದ್ದಾರೆ, ಮಾಡುಕೆ ಹೋಗಿ ಓಕರಿಸಿ ಬಿಟ್ಟವ್ರೂ ಇದ್ದಾರೆ ಅಂತ ಆಮೇಲೆ ಗೊತ್ತಾಯ್ತು. ಆ ಚರಿತ್ರೆಯನ್ನೂ ಒಟ್ಟಿಗೇ ಬರೀತೆ.

ನಮ್ಮನೆ ಚುಕ್ಕಿ ಹೇಂಟೆ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಿಪ್ಪುದೇ. ಹೆಮ್ಮಾಡಿಗೆ ಬಂದು ನಮ್ಮ ಅಂಗಳ ಮೆಟ್ಟಿದವ್ರ ಕಾಲ್ಬೆರಳು ಕುಕ್ಕದೆ ಬಿಟ್ಟದ್ದಿಲ್ಲ ಅದು. ಏಳು ವರ್ಷ ಬದುಕಿತ್ತು. ಮೊಟ್ಟೆ ಇಡೂದು ನಿಲ್ಸಿ ಎರಡು ವರ್ಷ ಆಗಿದ್ರೂ ಅದರ ಕುತ್ತಿಗೆಗೆ ಕತ್ತಿ ಹಾಕುಕೆ ಅಮ್ಮ ಯಾರಿಗೂ ಬಿಟ್ಟಿರ್ಲಿಲ್ಲ. ಎರಡು ವರ್ಷದ ಹಿಂದೆ, ಮಾರಣಕಟ್ಟೆ ಜಾತ್ರೆ ಮುಗ್ದು, ಸೇವಂತಿಗೆ ಗದ್ದೆ ಎಲ್ಲ ಕೊಯ್ಲಾಗಿ ಬೋಳಾದ ಮೇಲೆ, ಒಂದು ದಿನ ಹೊತ್ತಾರೆ ಕಾಂಬೊತ್ತಿಗೆ ಆ ಒಣಗಿದ ಸಾಲಿನ ನಡುವೆ ಮಲಗಿದ ಹಾಂಗೆ ಸತ್ತಿತ್ತು. ರೋಗ ಅಲ್ಲ, ವಯಸ್ಸು. (ರೋಗ ಬಂದು ಸತ್ತ ಕೋಳಿಯನ್ನ ದಯವಿಟ್ಟು ಯಾರೂ ಮುಟ್ಟುಕೆ ಹೋಗ್ಬೇಡಿ. ಸುಣ್ಣ ಹಾಕಿ ಆಳಕ್ಕೆ ಹೂಳಿ, ಮುಗೀತು.)

ನನ್ನ ತಂಗಿಯ ಮಗಳು ನಮ್ಮನೆಯಲ್ಲೇ ಇದ್ದು ಕುಂದಾಪ್ರದ ಕಾಲೇಜಿಗೆ ಹೋಗ್ತಾಳೆ. ಬಿ.ಎಸ್ಸಿ., ಜೂವಾಲಜಿ. ಅಮ್ಮ ಹಾರೆ ಹಿಡ್ಕಂಡು ಹೊರಟದ್ದು ಕಂಡು ಹಿಂದಿಂದ ಓಡಿ ಬಂದ್ಲು.

"ಅಮ್ಮಮ್ಮ, ಚುಕ್ಕಿನ ನಂಗ್ ಕೊಡ್ತ್ರಿಯಾ?"

"ಎಂತಕೆ?"

"ಅದ್ರ ಎಲ್ಬ್ ಬೇಕಿತ್ತ್."

"ಸಾರ್ ಮಾಡುಕಾ?"

"ಅಲ್ಲ ಅಮ್ಮಮ್ಮ. ತೊಳ್ದ್, ಜೋಡ್ಸಿ ಇಟ್ಕಂಬುಕೆ."

ಅಮ್ಮ ಹಾರೆಯನ್ನ ನೆಲಕ್ಕೆ ಕುಟ್ಟಿ ನಿಂತಳು. "ಸತ್ತದ್ರ ಎಲ್ಬ್ ಮನಿ ಒಳ್ಗ್ ಇಟ್ಕಂಬುದಾ? ನಿಂಗ್ ಹುಚ್ಚ್ ಗಿಚ್ಚ್ ಹಿಡ್ದಿತಾ ಹೆಣೆ?"

ಹುಡುಗಿಯ ತಪ್ಪಲ್ಲ. ನಾವು ಓದುವಾಗ ಕಾಲೇಜಿನಲ್ಲಿ ಕಪ್ಪೆ ಕೊಯ್ಯೂದಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೆಯ ಅಸ್ಥಿಪಂಜರವೂ ಇತ್ತು. 2014ರಲ್ಲಿ ಯು.ಜಿ.ಸಿ. ಪ್ರಾಣಿ ಕೊಯ್ಯುವ ಪಾಠವನ್ನೇ ನಿಲ್ಲಿಸಿತು. ಒಳ್ಳೇದೇ ಆಯ್ತು ಅಂಬುದು ನನ್ನ ಅಭಿಪ್ರಾಯ, ಎಷ್ಟು ಕಪ್ಪೆ ಹಾಂಗೆ ಹೋದವು. ಆದ್ರೆ ಈಗಿನ ಮಕ್ಕಳಿಗೆ ಎಲುಬು ಅಂದ್ರೆ ಪರದೆ ಮೇಲಿನ ಚಿತ್ರ. ತಾನಾಗಿ ಸತ್ತ, ಮನೆಯಲ್ಲೇ ಬೆಳೆದ ಕೋಳಿ ಸಿಕ್ಕಿದ್ರೆ ಬಿಡುಕೆ ಮನಸ್ಸು ಬಪ್ಪುದಾದ್ರೂ ಹ್ಯಾಂಗೆ?

ಕಡೆಗೆ ನಾನು ನಡುವೆ ಬಂದು ರಾಜಿ ಮಾಡಿಸಿದೆ. ಹೇಂಗೂ ಹೂಳೂದೇ. ಬರೀ ಮಣ್ಣಿಗೆ ಹಾಕುವ ಬದ್ಲು ಅಡಿಯಲ್ಲಿ ತೂತಿಪ್ಪ ದೊಡ್ಡ ಹೂವಿನ ಕುಂಡದಲ್ಲಿ ಹಾಕುವ, ಸುತ್ತ ಹಳೆ ಸೊಳ್ಳೆ ಪರದೆ ಬಟ್ಟೆ ಕಟ್ಟುವ, ಕುಂಡವನ್ನೇ ಸೇವಂತಿಗೆ ಗದ್ದೆಯ ಮೂಲೆಯಲ್ಲಿ ಹೂಳುವ. ಬಟ್ಟೆ ಕಟ್ಟದಿದ್ರೆ ಸಣ್ಣ ಸಣ್ಣ ಬೆರಳಿನ ಎಲುಬನ್ನ ಇರುವೆ ಹೊತ್ಕಂಡು ಹೋತ್ತ್, ಬೇರು ಒಳಗೆ ನುಗ್ಗಿ ಕಲೆ ಮಾಡ್ತ್, ನಾಯಿ ಕೆದರ್ತ್. ಅಮ್ಮ ಒಪ್ಪಿದಳು. ಹೂಳುವಾಗ ಒಂದು ಮುಷ್ಟಿ ಅಕ್ಕಿಯನ್ನೂ ಹಾಕಿದಳು. ತಲೆಯೊಂದು ಅದರಲ್ಲಿ ಇರ್ಲಿಲ್ಲ ಅಂಬುದು ಅವಳಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅದು ಆಮೇಲೆ ಬತ್ತ್.

ಆ ರಾತ್ರಿ ಊಟ ಆದ ಮೇಲೆ, "ಕೋಳಿ ಎಲ್ಬಲ್ ಎಂತ ಇತ್ತ್ ಅಂದೇಳಿ ಇಷ್ಟ್ ರಂಪ?" ಅಂತ ನಾನೇ ಕೇಳಿದೆ. ಹುಡುಗಿ ಹೇಳಿದ್ದು ಡಾರ್ವಿನ್ನನ ಕಥೆ.

ಡಾರ್ವಿನ್ ಅಂದ್ರೆ ಮಂಗನಿಂದ ಮಾನವ ಅಂತಷ್ಟೇ ನಮ್ಗೆ ಗೊತ್ತಿಪ್ಪುದು. ಆ ಪುಣ್ಯಾತ್ಮ ಹೆಚ್ಚು ದಿನ ಕಳೆದದ್ದು ನಾವು ಸಾಕುವಂಥ ಪ್ರಾಣಿಗಳ ಒಟ್ಟಿಗೆ: ಪಾರಿವಾಳ, ಕೋಳಿ, ಬಾತುಕೋಳಿ, ಮೊಲ. 1855ರ ಸುಮಾರಿಗೆ ಲಂಡನ್ನಿನ ಹತ್ತಿರದ ಡೌನ್ ಎಂಬ ಹಳ್ಳಿಯ ತನ್ನ ಮನೆಯಲ್ಲಿ ಇವುಗಳ ಎಲುಬು ಬಿಡಿಸುವ ಕೆಲಸಕ್ಕೆ ಕೈ ಹಾಕಿದ. ಒಂದೇ ಜಾತಿಯ ಕೋಳಿ ಮನುಷ್ಯನ ಕೈಯಲ್ಲಿ ಸಾವಿರ ವರ್ಷ ಬೆಳೆದ್ರೆ ಮೈ ಒಳಗೆ ಎಂತೆಂತ ಬದಲಾಗ್ತದೆ ಅಂತ ಕಾಂಬುಕೆ. ಪುಕ್ಕ, ಜುಟ್ಟು ನೋಡಿದ್ರೆ ಸಾಲ, ಎಲುಬು ಅಳೀಬೇಕು, ತೂಕ ಮಾಡ್ಬೇಕು. ಹಾಂಗಂತ ಒಂದು ಬಾತುಕೋಳಿಯನ್ನ ಕೊಳೆಸಿ ಎಲುಬು ತೆಗೆಯುಕೆ ಹೊರಟ. ವಾಸನೆಗೆ ಅವನೂ ಅವನ ಆಳೂ ಇಬ್ಬರೂ ಓಕರಿಸಿ ಓಕರಿಸಿ, ಕೆಲಸವನ್ನ ಅರ್ಧಕ್ಕೇ ಬಿಟ್ಟರಂತೆ. ಹಾಂಗಂತ ಅವನೇ ಗೆಳೆಯನಿಗೆ ಕಾಗದ ಬರೆದಿದ್ದಾನೆ. ಆಮೇಲೆ ಇಂಥ ಕೆಲಸ ಗೊತ್ತಿದ್ದವರಿಗೆ ಕಳಿಸಿ ಮಾಡಿಸಿಕೊಂಡ.

ಇದನ್ನ ಕೇಳಿ ಅಮ್ಮ ನಗಾಡಿದ್ದೇ ನಗಾಡಿದ್ದು. "ಒಂದ್ ಬಾತ್ಕೋಳಿಗೆ ವಾಂತಿ ಮಾಡ್ಕಂಡ್ನಾ? ಗಂಗೊಳ್ಳಿ ಬಂದರಿಗೆ ಒಂದ್ ದಿನ ಬರ್ಬೇಕಿತ್ತ್ ಅಂವ."

ಬಾತುಕೋಳಿಯ ಎಲುಬು ತೂಗಿ ಅವನು ಕಂಡದ್ದು ಇದು: ಕಾಡಿನ ಬಾತಿಗೆ ಹೋಲಿಸಿದ್ರೆ ಮನೆಯ ಬಾತಿಗೆ ರೆಕ್ಕೆಯ ಎಲುಬು ಹಗುರ, ಕಾಲಿನ ಎಲುಬು ಭಾರ. ಹಾರೂದು ಕಮ್ಮಿ, ನಡೆಯೂದು ಜಾಸ್ತಿ. 1859ರ ಅವನ ಹೆಸರಾಂತ ಪುಸ್ತಕದಲ್ಲಿ ಈ ಮಾತು ಬಂದಿದೆ. 1868ರಲ್ಲಿ ಸಾಕುಪ್ರಾಣಿಗಳ ಬಗ್ಗೆಯೇ ಎರಡು ಸಂಪುಟದ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಕೋಳಿಯ ತಲೆಬುರುಡೆ, ಬೆನ್ನೆಲುಬು ಎಲ್ಲ ಅಳತೆ ಸಮೇತ ಇದೆ. ಲೋಕದ ಎಲ್ಲಾ ಸಾಕುಕೋಳಿಗಳೂ ಒಂದೇ ಕೆಂಪು ಕಾಡುಕೋಳಿಯಿಂದ ಬಂದವು ಅಂತ ತೀರ್ಮಾನ ಮಾಡಿದ. ನಮ್ಮ ಕೊಲ್ಲೂರು ಘಾಟಿಯಲ್ಲಿ ಹೊತ್ತಾರೆ ಕೂಗುವುದು ಬೂದು ಕಾಡುಕೋಳಿ. ಅದಕ್ಕೆ ಇದರಲ್ಲಿ ಪಾಲಿಲ್ಲ ಅಂತ ಅವನ ಲೆಕ್ಕ.

ಅಲ್ಲಿ ಒಂದು ಕಡೆ ತಪ್ಪಿದ. ಚುಕ್ಕಿಯ ಕಾಲು ಹಳದಿ ಇತ್ತಲ್ದಾ, ಅರಸಿನ ಹಚ್ಚಿದ ಹಾಂಗೆ? 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸಾಕುಕೋಳಿಯ ಹಳದಿ ಚರ್ಮದ ಮೂಲ ಹುಡುಕಿದಾಗ ಅದು ಕೆಂಪು ಕಾಡುಕೋಳಿಯದ್ದಲ್ಲ, ಬೂದು ಕಾಡುಕೋಳಿಯದ್ದು ಅಂತ ಗೊತ್ತಾಯ್ತು. ಬೂದು ಕಾಡುಕೋಳಿ ಇಪ್ಪುದು ನಮ್ಮ ದೇಶದಲ್ಲಿ ಮಾತ್ರ. ಅಂದ್ರೆ ಯಾವುದೋ ಕಾಲದಲ್ಲಿ ಯಾರದ್ದೋ ಅಂಗಳದ ಹೇಂಟೆಗೂ ಹಾಡಿಯಿಂದ ಬಂದ ಹುಂಜಕ್ಕೂ ನೆಂಟಸ್ತಿಕೆ ಆಗಿದೆ. ಎಲುಬು ಇದನ್ನೆಲ್ಲ ಹೇಳ್ಲಿಲ್ಲ. ಎಲುಬಿಗೂ ಒಂದು ಮಿತಿ ಇತ್ತ್.

ಡಾರ್ವಿನ್ನನಿಗೆ ಬೇಕಾದ ಕೋಳಿ, ಪಾರಿವಾಳ ಎಲ್ಲ ಇಂಗ್ಲೆಂಡಿನಲ್ಲೇ ಸಿಕ್ಕುಕೆ ಸಾಧ್ಯ ಇಲ್ಲ. ಊರೂರಿಗೆ ಕಾಗದ ಬರೆದ. 1856ರ ಜನವರಿಯಲ್ಲಿ ಹಾಂಗೆ ಕಾಗದ ಬರೆದದ್ದು ಮದ್ರಾಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ವಾಲ್ಟರ್ ಎಲಿಯಟ್ ಎಂಬವನಿಗೆ. ಅವನು ಅಲ್ಲಿಂದ ಹಕ್ಕಿಗಳನ್ನ ಕಳಿಸಿದ. ಡಾರ್ವಿನ್ ತನ್ನ ಪುಸ್ತಕದಲ್ಲಿ ಅವನ ಹೆಸರು ಹೇಳಿ ನೆನೆದಿದ್ದಾನೆ.

ಈ ಎಲಿಯಟ್ ನಮಗೆ ಪೂರ್ತಿ ಅಪರಿಚಿತ ಅಲ್ಲ. ಕಿತ್ತೂರು ರಾಣಿ ಚೆನ್ನಮ್ಮನ ಪಾಠದಲ್ಲಿ ಥ್ಯಾಕರೆ ಸತ್ತದ್ದು ಓದಿದ್ದೇವಲ್ಲ, 1824ರ ಅಕ್ಟೋಬರ್ 23. ಆ ದಿನ ಚೆನ್ನಮ್ಮನವರ ಕೈಗೆ ಸೆರೆ ಸಿಕ್ಕಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಸ್ಟೀವನ್‌ಸನ್ ಒಬ್ಬ, ಇನ್ನೊಬ್ಬ ಇವನೇ. ಆಗಿನ್ನೂ ಇಪ್ಪತ್ತೊಂದು ವರ್ಷದ ಹುಡುಗ. ಆಮೇಲೆ ಬಿಡುಗಡೆಯಾದ. ಹಾಂಗೆ ಬದುಕಿ ಉಳಿದವನು ಧಾರವಾಡದ ಕಡೆಯ ಇಲಿ, ಹೆಗ್ಗಣ, ಬಾವಲಿ, ಮುಂಗುಸಿ ಎಲ್ಲ ಹುಡುಕಿ, ತೊಗಲು, ತಲೆಬುರುಡೆ ತೆಗೆದಿಟ್ಟು, ಆ ಸೀಮೆಯ ಪ್ರಾಣಿಗಳ ಪಟ್ಟಿಯನ್ನೇ 1839ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಒಳ್ಳೆ ಕೆಲಸ ಒಂದು ಮಾಡಿದ: ಪ್ರತಿಯೊಂದಕ್ಕೂ ಊರವ್ರು ಕರೆಯುವ ಹೆಸರು ಬರೆದುಕೊಂಡ. ಹೊಲದ ಒಂದು ಪೊದೆ ಇಲಿಗೆ ಕನ್ನಡದಲ್ಲಿ ಗುಲಾಂದಿ ಅಂತಿದ್ರು. ಅದರ ಮಾದರಿ ಲಂಡನ್ನಿಗೆ ಹೋಗಿ, 1837ರಲ್ಲಿ ಗ್ರೇ ಎಂಬ ವಿಜ್ಞಾನಿ ಅದಕ್ಕೆ ಇಟ್ಟ ಹೆಸರು ಗೋಲುಂಡ ಎಲಿಯಟಿ. ಈಗಲೂ ಲೋಕಕ್ಕೆಲ್ಲ ಅದೇ ಹೆಸರು. ಮೆತ್ತನೆ ಕೂದಲಿನ ಇನ್ನೊಂದು ಹೊಲದ ಇಲಿಯನ್ನ ವಡ್ಡರು ಮೆಟ್ಟಾಡೆ ಅಂತಿದ್ರು. ಅದನ್ನ ಮೆಲ್ಟಾಡ ಅಂತ ಬರೆದುಬಿಟ್ಟರು. ತಪ್ಪು ಕಾಗುಣಿತವೂ ಹಾಂಗೇ ಶಾಶ್ವತ ಆಯ್ತು.

ಇಲಿಯ ವಿಷಯ ಎಂತಕೆ ಇಷ್ಟು ಉದ್ದ ಹೇಳ್ತೆ ಅಂದ್ರೆ, ಸಣ್ಣ ಪ್ರಾಣಿಗಳಲ್ಲಿ ತಲೆಬುರುಡೆ ಇಲ್ಲದೆ ತೊಗಲು ಮಾತ್ರ ಇದ್ರೆ ಅದು ಯಾವ ಇಲಿ ಅಂತ ಗಟ್ಟಿಯಾಗಿ ಹೇಳುಕೇ ಆತಿಲ್ಲೆ. ಹಲ್ಲಿನ ಏಣು, ದವಡೆಯ ಆಕಾರ ಕಾಣ್ಬೇಕು. 1911ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ದೊಡ್ಡ ಸರ್ವೆ ಶುರು ಮಾಡ್ತು. ಅದಕ್ಕೆ ದುಡ್ಡು ಕೂಡಿಸಿದ ಮಿಲ್ಲಾರ್ಡ್ ಎಂಬವನ ಹೆಸರೇ ಆ ಮೆಟ್ಟಾಡೆ ಇಲಿಯ ಮೊದಲ ಹೆಸರಾಗಿ ಸೇರಿ, ಈಗ ಅದು ಮಿಲ್ಲಾರ್ಡಿಯ ಮೆಲ್ಟಾಡ. ದುಡ್ಡು ತಂದವನ ಹೆಸರೂ ಉಳೀತು, ಬಿಲ ಅಗೆದವರ ಭಾಷೆಯೂ ಉಳೀತು, ಅಗೆದವರ ಹೆಸರು ಮಾತ್ರ ಎಲ್ಲೂ ಇಲ್ಲೆ. ಆ ಸರ್ವೆಯವ್ರು ಉತ್ತರ ಕನ್ನಡದಲ್ಲೂ ತಿರುಗಿದ್ದಾರೆ. ಶಾರ್ಟ್‌ರಿಜ್ ಅಂತ ಒಬ್ಬ ಅಲ್ಲಿ ಇಲಿ, ಅಳಿಲು, ಬಾವಲಿ ಕೂಡಿಸಿದ. ಆಗ ಉತ್ತರ ಕನ್ನಡ ಬೊಂಬಾಯಿಗೆ, ನಾವು ಮದ್ರಾಸಿಗೆ. ಗಡಿ ಅಂದ್ರೆ ನಮ್ಮ ಶಿರೂರೇ.

ಹೀಂಗೆ ಎರಡು ರಾತ್ರಿ ಚರಿತ್ರೆ ಕೇಳಿದೆವು. ಮೂರನೇ ದಿನ ಅಮ್ಮ ಫ್ರೀಜರಿನಿಂದ ತೆಂಗಿನಕಾಯಿ ತುರಿ ತೆಗೆಯುಕೆ ಹೋದಳು.

ಅಡುಗೆಮನೆಯಿಂದ ಬಂದ ಕೂಗಿಗೆ ನಾನು ಬಚ್ಚಲಿಂದ ಒದ್ದೆ ಕೈಯಲ್ಲೇ ಓಡಿದೆ. ತುರಿಯ ಪೊಟ್ಟಣದ ಪಕ್ಕ, ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಚುಕ್ಕಿಯ ತಲೆ. "ಉಂಬು ವಸ್ತು ಇಡೂ ಜಾಗ್ದಲ್!" ಅಂತ ಅಮ್ಮ ನಡುಗ್ತಾ ಇದ್ದಳು. ಸಿಟ್ಟೋ ದುಃಖವೋ ಗೊತ್ತಾಗ್ಲಿಲ್ಲ. ಹುಡುಗಿಯೂ ಅಳುಕೆ ಶುರು ಮಾಡಿದ್ಲು. ತಲೆಯನ್ನ ಮಣ್ಣಿಗೆ ಹಾಕಿದ್ರೆ ತೀರಾ ಸಣ್ಣ ಎಲುಬು ಉಳಿಯುದಿಲ್ಲ, ಅದನ್ನ ಹುಳದ ಹತ್ರ ಕ್ಲೀನ್ ಮಾಡಿಸ್ಬೇಕು ಅಂತ ಇದ್ದೆ, ಹುಳ ಸಿಕ್ಕಿದ ಕೂಡ್ಲೆ ತೆಗೀತಿದ್ದೆ ಅಂದ್ಲು.

"ಹುಳವಾ? ಯಾವ ಹುಳ?"

ಮೊಬೈಲಿನಲ್ಲಿ ತೋರಿಸಿದ್ಲು. ಕಂದು ಬಣ್ಣದ, ಮೈ ತುಂಬ ರೋಮದ ಮರಿಹುಳ, ದೊಡ್ಡದಾದ್ರೆ ಕಪ್ಪು ಗಟ್ಟಿ ಬೆನ್ನಿನ ದುಂಬಿ. ಡರ್ಮೆಸ್ಟಿಸ್ ಅಂತ ಅದರ ಹೆಸರು, ಚರ್ಮ ತಿಂಬುದು ಅಂತ ಅರ್ಥ. ದೊಡ್ಡ ಮ್ಯೂಸಿಯಂಗಳಲ್ಲಿ ಇದನ್ನ ಪೆಟ್ಟಿಗೆಯಲ್ಲಿ ಸಾಕ್ತಾರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನ ಬಂಕರ್ ಎಂಬವರು ಈ ಪದ್ಧತಿಯನ್ನ ಹದಕ್ಕೆ ತಂದರು. ಇಲಿ, ಹಕ್ಕಿ, ಬಾವಲಿಯಂಥ ಸಣ್ಣ ಪ್ರಾಣಿಯನ್ನ ಚರ್ಮ ಸುಲಿದು, ಒಣಗಿಸಿ ಪೆಟ್ಟಿಗೆಗೆ ಹಾಕಿದ್ರೆ ಮಾಂಸ ಪೂರ ತಿಂದು ಎಲುಬು ಬಿಡ್ತಾವೆ. ಕೈಯಿಂದ ಮಾಡುಕೆ ಆಗದ ಕೆಲಸ. ಆದ್ರೆ ಆ ಪೆಟ್ಟಿಗೆಯನ್ನ ಉಳಿದ ಸಂಗ್ರಹದಿಂದ ದೂರ ಇಡ್ತಾರೆ. ತಪ್ಪಿಸಿಕೊಂಡ್ರೆ ಅಲ್ಲಿಪ್ಪ ತೊಗಲು, ಪುಕ್ಕ ಎಲ್ಲ ಮುಕ್ಕಿ ಬಿಡ್ತಾವೆ.

ಅಮ್ಮ ಮೊಬೈಲನ್ನ ಹತ್ತಿರ ಹಿಡ್ದು, ದೂರ ಹಿಡ್ದು, ಕಂಡಳು. ಆಮೇಲೆ ಮೆಟ್ಟುಕಲ್ಲಿನ ಮೇಲೆ ಕೂತಳು.

"ಇದಾ? ಇದ್ ನನ್ನಮ್ಮನ ಅನ್ನ ತಿಂದ ಹುಳ."

ಅಮ್ಮನ ತೌರು ಗಂಗೊಳ್ಳಿ. ಅಜ್ಜಿ ಒಣ ಮೀನಿನ ವ್ಯಾಪಾರ ಮಾಡ್ತಿದ್ದದ್ದು ನಂಗೆ ಗೊತ್ತಿತ್ತು. ಮೀನು ಜಾಸ್ತಿ ಬಪ್ಪ ದಿನಗಳಲ್ಲಿ ಅಗ್ಗಕ್ಕೆ ತೆಕ್ಕಂಡು, ಕೊಯ್ದು, ಉಪ್ಪು ಹಾಕಿ, ಹೊಯಿಗೆ ಮೇಲೆ ಒಣಗ್ಸಿ ಬುಟ್ಟಿಯಲ್ಲಿ ತುಂಬಿ ಇಡೂದು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುದಿಲ್ಲ, ಆಗ ಅದನ್ನ ತಲೆ ಮೇಲೆ ಹೊತ್ತು ವಂಡ್ಸೆ, ಚಿತ್ತೂರು ಕಡೆಗೆ ಮನೆಮನೆ ಮಾರೂದು. ಒಂದು ವರ್ಷದ ಕಥೆ ಮಾತ್ರ ಅಮ್ಮ ಯಾವತ್ತೂ ಹೇಳಿರ್ಲಿಲ್ಲ. ಆ ವರ್ಷ ಅಜ್ಜಿ ಸಾಲ ಮಾಡಿ ಹೆಚ್ಚು ಮೀನು ಹಾಕಿದ್ರಂತೆ. ಉಪ್ಪು ಕಮ್ಮಿ ಬಿತ್ತೋ, ಮಳೆ ಬೇಗ ಬಂದು ಸರಿ ಒಣಗ್ಲಿಲ್ವೋ. ಆಷಾಢದಲ್ಲಿ ಬುಟ್ಟಿ ಹತ್ತಿರ ಹೋದ್ರೆ ಒಳಗಿಂದ ಚರಚರ ಶಬ್ದ. ಬಿಚ್ಚಿ ಕಂಡ್ರೆ ಬಂಗ್ಡೆಯ ತಲೆಯಿಂದ ಬಾಲದ ವರೆಗೆ ಮುಳ್ಳು ಮಾತ್ರ. "ಒಂದ್ ಮುಳ್ಳೂ ಮುರೀಲಿಲ್ಲ ಮಗಾ. ಬಾಚಣ್ಗಿ ಹಾಂಗೆ ಸಾಲ್ ಸಾಲಾಗ್ ಇದ್ದಿತ್ತ್. ನಾನ್ ಚಂದ ಇತ್ತಂದೇಳಿ ಕೈಯಲ್ ಹಿಡ್ಕಂಡ್ರೆ ನನ್ನಮ್ಮ ಒಂದ್ ಪೆಟ್ ಕೊಟ್ರ್." ಅಮ್ಮ ಆಗ ಏಳನೇ ಕ್ಲಾಸು. ಮಳೆಗಾಲ ಮುಗ್ದ ಮೇಲೆ ಶಾಲೆಗೆ ಹೋಗ್ಲಿಲ್ಲ. ಸಾಲ ತೀರುವ ವರೆಗೆ ಅಂತ ಅಜ್ಜಿಯ ಒಟ್ಟಿಗೆ ಮೀನು ಕೊಯ್ಯುಕೆ ಕೂತವಳು, ಮತ್ತೆ ಹೋದದ್ದಿಲ್ಲ.

ಮನೆಯಲ್ಲಿ ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ಅಮ್ಮ ಎದ್ದು ತಲೆಯ ಪೊಟ್ಟಣವನ್ನ ಹುಡುಗಿಯ ಕೈಗೆ ಕೊಟ್ಟು, "ನನ್ನ್ ಶಾಲೆ ತಿಂತ್. ನಿನ್ನ್ ಶಾಲೆಗಾರೂ ಕೆಲ್ಸ ಮಾಡ್ಲಿ" ಅಂದಳು. ಮರುದಿನ ಅವಳೇ ತನ್ನ ಗುರ್ತದ ಹೆಂಗ್ಸಿನ ಹತ್ರ ಗಂಗೊಳ್ಳಿಯಿಂದ ಹುಳ ಬಿದ್ದ ಒಣ ಮೀನು ತರಿಸಿದಳು. ಒಳ್ಳೆ ಮೀನು ಕೊಡ್ತೆ ಅಂದ್ರೂ ಬೇಡ, ಹುಳ ಬಿದ್ದದ್ದೇ ಬೇಕು ಅಂದದ್ದಕ್ಕೆ ಅವ್ರು ಎಂತ ಅಂದ್ಕಂಡ್ರೋ.

ಹುಳಕ್ಕೆ ಹಸಿ ಮಾಂಸ ಆತಿಲ್ಲೆ. ತಲೆಯನ್ನ ಚರ್ಮ ತೆಗೆದು ಎರಡು ದಿನ ಬಿಸಿಲಿಗಿಟ್ಟು, ಹಳೆ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಕಣ್ಣಿನ ಬಲೆ ಕಟ್ಟಿ, ಹಟ್ಟಿಯ ಅಟ್ಟದಲ್ಲಿ ಇಟ್ಟೆವು. ಮನೆಯಿಂದ ದೂರ, ನಮ್ಮ ಒಣ ಚಟ್ಲಿ ಡಬ್ಬಿಯಿಂದ ಇನ್ನೂ ದೂರ. ಎರಡು ವಾರಕ್ಕೆ ತಲೆಬುರುಡೆ ಅಷ್ಟು ಚೊಕ್ಕ ಆಗಿತ್ತು. ಹೊರಗೆ ತೆಗೆದ ಮೇಲೆ ಒಳಗೆ ಅಡಗಿದ ಹುಳ ಸಾಯ್ಲಿ ಅಂತ ಮತ್ತೆ ಫ್ರೀಜರಿಗೆ ಹಾಕ್ಬೇಕಿತ್ತು. ಈ ಸಲ ಅಮ್ಮನೇ ಒಂದು ಡಬ್ಬಿ ಖಾಲಿ ಮಾಡಿ ಕೊಟ್ಟಳು.

ಕುಂಡವನ್ನ ತೆಗೆದದ್ದು ಮಳೆ ಕಮ್ಮಿಯಾದ ಮೇಲೆ, ಚೌತಿ ಕಳೆದು. ಏಳು ತಿಂಗಳು. ಈ ಹೂಳೂದು, ಕೊಳೆಸೂದು, ಬೇಯಿಸೂದು ಎಲ್ಲ ಹಳೇ ಜಗಳ ಅಂಬ್ರು. 1543ರಲ್ಲಿ ಯುರೋಪಿನ ವೆಸಾಲಿಯಸ್ ಎಂಬ ವೈದ್ಯ ಮನುಷ್ಯನ ದೇಹದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಅಸ್ಥಿಪಂಜರ ಮಾಡುವ ಕ್ರಮವನ್ನೂ ಬರೆದ. ಅವನಿಗಿಂತ ಹಿಂದಿನವ್ರು ಹೆಣವನ್ನ ತೂತಿನ ಪೆಟ್ಟಿಗೆಯಲ್ಲಿ ಸುಟ್ಟ ಸುಣ್ಣದ ಒಟ್ಟಿಗೆ ಇಟ್ಟು, ಹರಿಯುವ ಹೊಳೆಯಲ್ಲಿ ಬಿಡ್ತಿದ್ರಂತೆ. ಅದು ಕೊಳಕು ಕೆಲಸ, ಎಲುಬಿನ ತುದಿಯೂ ಸರಿ ಕಾಣ್ಸುದಿಲ್ಲ, ದೊಡ್ಡ ಹಂಡೆಯಲ್ಲಿ ಬೇಯಿಸೂದೇ ಸರಿ ಅಂತ ಅವನ ವಾದ. ಮನುಷ್ಯನ ದಪ್ಪ ಎಲುಬಿಗೆ ಸರಿ ಇಪ್ಪುದು. ಕೋಳಿ, ಇಲಿಯಂಥ ಸಣ್ಣದನ್ನ ಕುದಿಸ್ಬಾರ್ದು. ಕುದಿಸಿದ್ರೆ ಕೊಬ್ಬು ಎಲುಬಿನ ಒಳಗೇ ಇಳಿದು ಆಮೇಲೆ ಹಳದಿ ಹಳದಿ ಜಿಡ್ಡು ಬಿಡ್ತದೆ, ತಲೆಬುರುಡೆಯ ಹೊಲಿಗೆಯೂ ಬಿಚ್ಚಿಕೊಳ್ತದೆ.

ಹಾಂಗಾಗಿ ನಾವು ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ನೆನೆಹಾಕಿದೆವು. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲು. ಮೇಲೆ ಎಣ್ಣೆ ತೇಲೂದು ನಿಲ್ಲುವ ವರೆಗೆ, ಸುಮಾರು ಒಂದು ತಿಂಗಳು. ನೀರು ಚೆಲ್ಲುವಾಗ ರವೆ ಜರಡಿ ಅಡಿಗೆ ಹಿಡೀಬೇಕು, ಇಲ್ಲದಿದ್ರೆ ಬೆರಳಿನ ಎಲುಬು ಚರಂಡಿಗೆ. ಬಿಳಿ ಮಾಡುಕೆ ಮೆಡಿಕಲ್ಲಿನಲ್ಲಿ ಸಿಕ್ಕುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡು ಸಾಕು, ಒಂದು ದಿನ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕ್ಬೇಡಿ. ಮೊದಲು ಬೆಳ್ಳಗೆ ಕಾಣ್ತ್, ವರ್ಷದೊಳಗೆ ಎಲುಬು ಸುಣ್ಣದ ಹಾಂಗೆ ಪುಡಿ ಆಗ್ತಾ ಬತ್ತ್. ಮತ್ತೊಂದು: ಇದೆಲ್ಲ ಮನೆಯ ಕೋಳಿಗೆ. ಹಾಡಿಯಲ್ಲಿ ಸಿಕ್ಕಿತು ಅಂತ ನವಿಲು, ಪುನುಗು ಬೆಕ್ಕು, ಆಮೆ ಇಂಥದ್ರ ಎಲುಬು ಮನೆಗೆ ತಂದ್ರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು.

ಜೋಡಿಸೂದು ಶುರುವಾದಾಗ ಹುಡುಗಿಗೆ ಕುತ್ತಿಗೆಯಲ್ಲೇ ತಲೆ ತಿರುಗಿತು. ಕೋಳಿಯ ಕುತ್ತಿಗೆಯ ಮಣಿಗಳೆಲ್ಲ ಒಂದರ ಹಾಂಗೇ ಒಂದು ಕಾಣ್ತಾವೆ, ಆದ್ರೆ ಒಂದೂ ಒಂದರ ಹಾಂಗಿಲ್ಲ. ಪುಸ್ತಕದ ಚಿತ್ರ ಇಟ್ಕಂಡು ಎರಡು ಸಂಜೆ ಹೆಣಗಿದ್ಲು. ಅಮ್ಮ ಪಕ್ಕದಲ್ಲಿ ಕೂತು ನೋಡ್ತಾ ಇದ್ದವಳು, ಕಡೆಗೆ "ಇತ್ಲಾಗ್ ಕೊಡ್" ಅಂದಳು. ಒಂದೊಂದನ್ನೂ ಬೆರಳಿನಲ್ಲಿ ತಿರುಗಿಸಿ, ಮುಂದಿನದಕ್ಕೆ ತಾಗಿಸಿ, ಕೂತ್ಕಂತಾ ಇಲ್ಯಾ ಅಂತ ನೋಡಿ, ತೆಳು ತಂತಿಗೆ ಪೋಣಿಸಿದಳು. ಮಾರಣಕಟ್ಟೆಗೆ ಸಾವಿರ ಸೇವಂತಿಗೆ ಕಟ್ಟಿದ ಕೈ. ಹೂವಿನಲ್ಲೂ ದೊಡ್ಡದು ಸಣ್ಣದು ನೋಡಿಯೇ ಅಲ್ವಾ ಕಟ್ಟೂದು.

ಕೆಲಸ ಮಾಡ್ತಾ ಅವಳು ಕೇಳಿದ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರ್ಲಿಲ್ಲ. ಮಣಿಪಾಲದ ಅನಾಟಮಿ ಮ್ಯೂಸಿಯಮ್ಮಿನಲ್ಲಿ ಒಂದು ಆನೆಯ ಅಸ್ಥಿಪಂಜರ ಇದೆ. ಹಿಂದೊಮ್ಮೆ ಯಾರನ್ನೋ ಆಸ್ಪತ್ರೆಗೆ ನೋಡುಕೆ ಹೋದವ್ರು ಅದನ್ನೂ ನೋಡಿ ಬಂದಿದ್ದೆವು. "ಆ ಆನೆ ಎಲ್ಬ್ ತಿಕ್ಕಿ ತೊಳ್ದದ್ದ್ ಯಾರ್?"

ತಲೆಗೆ ಬಂದಾಗ ಇನ್ನೊಂದು ಆಶ್ಚರ್ಯ. ಕೋಳಿಯ ಕಣ್ಣಿನೊಳಗೆ ಒಂದು ಎಲುಬಿನ ಬಳೆ ಇತ್ತ್, ನಿಮ್ಗೆ ಗೊತ್ತಿತ್ತಾ? ಎಷ್ಟು ಕೋಳಿ ತಲೆ ಕೊಯ್ದಿದ್ದೇವೆ, ನಂಗೆ ಗೊತ್ತಿರ್ಲಿಲ್ಲ. ಮೀನಿನ ಚಿಪ್ಪಿಯಷ್ಟು ತೆಳು ಬಿಲ್ಲೆಗಳು, ಸಾಮಾನ್ಯವಾಗಿ ಒಂದೊಂದು ಕಣ್ಣಿಗೆ 14, ಒಂದರ ಮೇಲೊಂದು ಅಂಚು ಕೂತು ಉಂಗುರ ಆಗಿಪ್ಪುದು. ಮಣ್ಣಿಗೆ ಹಾಕಿದ್ರೆ ಅದು ಖಂಡಿತ ಸಿಕ್ತಿರ್ಲಿಲ್ಲ. ಹುಳ ಎಡಗಣ್ಣಿನದ್ದನ್ನ ಇಡೀಯಾಗಿ ಬಿಟ್ಟಿತ್ತು. ಬಲಗಣ್ಣಿನದ್ದು ಬಿಡಿಬಿಡಿಯಾಗಿ ಡಬ್ಬಿಯ ಅಡಿಯಲ್ಲಿ ಹುಳದ ಹಿಕ್ಕೆಯ ಒಟ್ಟಿಗೆ ಸೇರಿ ಹೋಗಿತ್ತು.

ಇನ್ನು ಉಳಿಸಿಕೊಂಬುದು. ನಮ್ಮ ಮಳೆಯಲ್ಲಿ ಚಪ್ಪಲಿಗೇ ಬೂಸ್ಟು ಬತ್ತ್, ಎಲುಬಿಗೆ ಬಾರದೆ ಇರುತ್ತಾ? ಉಳಿಸುಕೆ ಆಗದೆ ಹೋದ್ರೆ ಎಂತ ಆಗ್ತದೆ ಅಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಕಥೆಯನ್ನ ಹುಡುಗಿ ಹೇಳಿದ್ಲು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣ ರಾವ್ ಅಂತ ಪ್ರೊಫೆಸರರಿದ್ರು. 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು ಅವರೇ. ನಮ್ಮ ಘಟ್ಟದ ಕಪ್ಪೆಗಳ ಬಗ್ಗೆ ಅಷ್ಟು ಕೆಲಸ ಮಾಡಿದವ್ರು ಆ ಕಾಲಕ್ಕೆ ಇಲ್ಲೆ. 1937ರಲ್ಲಿ ಒಂದೇ ಲೇಖನದಲ್ಲಿ ಎಷ್ಟೋ ಹೊಸ ಕಪ್ಪೆಗಳಿಗೆ ಹೆಸರಿಟ್ಟರು. ಆ ಕಪ್ಪೆಗಳನ್ನ ಕಾಲೇಜಿನಲ್ಲೇ ಇಟ್ಟಿದ್ರು. ಆಮೇಲೆ ಅವು ಕಳೆದು ಹೋದವು. ಈಗ ಪುಸ್ತಕದಲ್ಲಿ ಹೆಸರಿದೆ, ವರ್ಣನೆ ಇದೆ, ಆದ್ರೆ ಇದೇ ಆ ಕಪ್ಪೆ ಅಂತ ತೋರಿಸುಕೆ ಮೈ ಇಲ್ಲೆ. ಆ ಹೆಸರು ಯಾವ ಕಪ್ಪೆಯದ್ದು ಅಂತ ಇವತ್ತಿನವ್ರು ಹಾಡಿ ಹಾಡಿ ತಿರುಗಿ ತಲೆ ಕೆಡಿಸ್ಕಂತಾ ಇದ್ದಾರೆ. 2010ರಲ್ಲಿ ಒಂದು ಕಪ್ಪೆ ಕುಲಕ್ಕೇ ಅವರ ಹೆಸರು ಇಟ್ಟು ರಾವೋರ್ಕೆಸ್ಟಿಸ್ ಅಂತ ಕರೆದ್ರು. ಹೆಸರು ಉಳೀತು, ಕಪ್ಪೆ ಉಳೀಲಿಲ್ಲ. ನಮ್ಮ ಸೇವಂತಿಗೆ ಗದ್ದೆಯಲ್ಲಿ ಮಳೆಗೆ ಕೂಗುವ ಸಣ್ಣ ಮರಗಪ್ಪೆಯೂ ಆ ಕುಲದ್ದೇ ಇಪ್ಪುದು ಅಂಬುದು ಅವಳ ಗುಮಾನಿ.

ಚುಕ್ಕಿಗೆ ಗಾಜಿನ ಪೆಟ್ಟಿಗೆ ಮಾಡಿಸಿದೆವು. ಒಳಗೆ ಔಷಧಿ ಬಾಟಲಿಯಲ್ಲಿ ಬಪ್ಪ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು, ಕರ್ಪೂರದ ಒಂದು ಬಿಲ್ಲೆ. ಆಟಿಯಲ್ಲಿ ಪೊಟ್ಟಣವನ್ನ ತೆಗೆದು ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡ್ತೆ. ಒಂದು ಮಳೆಗಾಲ ಕಳೆದಿದೆ, ಬೂಸ್ಟು ಬರ್ಲಿಲ್ಲ. ಪೆಟ್ಟಿಗೆ ಇಪ್ಪುದು ಹುಡುಗಿಯ ಓದುವ ಮೇಜಿನ ಮೇಲೆ. ದೇವರ ಕೋಣೆಯ ಬದಿಯ ಗೋಡೆಗೆ ಇಡ್ಬಾರ್ದು ಅಂತ ಅಮ್ಮನ ಕಟ್ಟುನಿಟ್ಟು, ಅದನ್ನ ನಾವೂ ಮೀರ್ಲಿಲ್ಲ.

ಚೀಟಿ ಬರೆಯುವಾಗ ಹುಡುಗಿ ಮೊದಲು ಬರೆದದ್ದು: ಊರ ಕೋಳಿ, ಹೇಂಟೆ, ಏಳು ವರ್ಷ, ಹೆಮ್ಮಾಡಿ. ಅದರ ಕೆಳಗೆ ಸಂಗ್ರಹಿಸಿದವರು ಅಂತ ತನ್ನ ಹೆಸರು. ಬರೆದು, ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ಇನ್ನೊಂದು ಸಾಲು ಸೇರಿಸಿದ್ಲು. ತೊಳೆದು ಪೋಣಿಸಿದವರು ಅಂತ ಅಮ್ಮನ ಹೆಸರು. ಅಮ್ಮ ಕನ್ನಡಕ ಹಾಕಿ ಓದಿ, "ಏಳ್ನೇ ಕ್ಲಾಸ್ ಅಂದೇಳಿ ಬರಿಬ್ಯಾಡ ಮತ್ತೆ" ಅಂದಳು.

ಬಲಗಣ್ಣಿನ ಬಿಲ್ಲೆ ಈ ವರೆಗೆ ಹದಿಮೂರು ಸಿಕ್ಕಿದೆ. ಹಟ್ಟಿಯ ಅಟ್ಟದಲ್ಲಿ ಆ ಬಿಸ್ಕತ್ತಿನ ಡಬ್ಬಿಯನ್ನ ಅಮ್ಮ ಬಿಸಾಡುಕೆ ಬಿಡ್ಲಿಲ್ಲ. ಮಧ್ಯಾಹ್ನ ಮಲಗುವ ಹೊತ್ತಿಗೆ ರವೆ ಜರಡಿ ತೆಕ್ಕಂಡು ಅಂಗಳದ ಬಿಸಿಲಿಗೆ ಕೂರ್ತಾಳೆ.